ಮಾಮಾ ಊರೂರಿಗೆ ಮುಟ್ಟಿಸಿದ ಪ್ರೋಟೀನು

ನನ್ನ ಸೋದರಮಾವನನ್ನು ನಮ್ಮ ಬಳಗದಲ್ಲಿ ಯಾರೂ ಮದುವೆಯ ಮಾತುಕತೆಗೆ ಕರೆಯುವುದಿಲ್ಲ. ಕುಡಿತವೇ? ಇಲ್ಲ. ಜಗಳಗಂಟನೇ? ಅದೂ ಅಲ್ಲ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಷ್ಟೇ.

ನಾನು ಚಿಕ್ಕವಳಿದ್ದಾಗ ಬಳಗದ ಹುಡುಗನೊಬ್ಬನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಹುಡುಗಿಯ ತಂದೆ ಹೆಮ್ಮೆಯಿಂದ, "ಉಪ್ಪಿಟ್ಟು ನಮ್ಮ ಹುಡುಗೀನ ಮಾಡ್ಯಾಳ್ರಿ, ಹೆಂಗಾಗೇತಿ?" ಎಂದರು. ಮಾಮಾ ಎದುರಿನ ಗೋಡೆ ನೋಡುತ್ತಾ, "ಉಪ್ಪು ಹೆಚ್ಚಾಗೇತ್ರಿ. ಮಾಡಿದ್ದು ಹುಡುಗಿ ಅಲ್ಲ, ಅವರವ್ವ. ಒಳಗ ಮಾತಾಡಿದ್ದು ನನಗ ಕೇಳಿಸ್ತು" ಎಂದ. ಸಂಬಂಧ ಅಲ್ಲಿಗೇ ಮುಗಿಯಿತು.

ಬಸ್ಸಿನಲ್ಲಿ ಅವನಿಗೆ ಡ್ರೈವರ್ ಹಿಂದಿನ ಕಿಟಕಿಯ ಸೀಟೇ ಆಗಬೇಕು. ಒಮ್ಮೆ ತೊಟ್ಟಿಲ ಕಾರ್ಯಕ್ಕೆಂದು ನನ್ನನ್ನು ಮುಂಡರಗಿಗೆ ಹೊರಡಿಸಿದವನು, ಆ ಸೀಟಿಗಾಗಿ ಗದಗಿನಲ್ಲಿ ನಾಲ್ಕು ಬಸ್ಸು ಬಿಟ್ಟ. ನಾವು ಮುಟ್ಟುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು, ಊಟ ಮುಗಿಸಿ, ಎಲೆ ಎತ್ತಿದ್ದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಮಾಮಾ ಮಾತ್ರ, "ಸೀಟು ಚೊಲೊ ಸಿಕ್ತು" ಎಂದ.

ಹೋದ ವರ್ಷ ನನ್ನ ಮಗಳನ್ನು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುವ ದಿನ ಗಂಡನಿಗೆ ರಜೆ ಸಿಗಲಿಲ್ಲ. ಜೊತೆಗೆ ಬಂದವನು ಮಾಮಾ. ಮಗಳಿಗೆ ನಾಲ್ಕು ವರ್ಷ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ದಿನವಿಡೀ ಒಂದು ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ. ಬಳಗದವರು ಕಾರಣವನ್ನು ಆಗಲೇ ಕಂಡುಹಿಡಿದಿದ್ದರು: ಬಸುರಿಯಾಗಿದ್ದಾಗ ನಾನು ಮೊಬೈಲ್ ನೋಡಿದ್ದು. ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆ.

ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಇದು ಆಟಿಸಂ ಎಂದರು. "ಬಸರಿದ್ದಾಗ ಮೊಬೈಲ್ ನೋಡಿದ್ನಿ, ನನ್ನ ತಪ್ಪೇನ್ರಿ?" ಎಂದೆ. ಆಕೆ ಕಾಗದದ ಮೇಲೆ ಎರಡು ದುಂಡು ಬರೆದರು.

"ಮಿದುಳಿನ್ಯಾಗ ಒಂದು ನರಕೋಶ ಇನ್ನೊಂದಕ್ಕ ಸುದ್ದಿ ಮುಟ್ಟಸೂ ಜಾಗಾಕ್ಕ ಸಿನಾಪ್ಸ್ ಅಂತೀವಿ. ಆ ಸುದ್ದಿ ಕಳಸಾಕ, ಹಿಡಿಯಾಕ ಅಲ್ಲಿ ಥರಾಥರದ ಪ್ರೋಟೀನು ಇರ್ತಾವ. ಕೆಲವು ಮಕ್ಕಳಿಗೆ ಜೀನಿನ ವ್ಯತ್ಯಾಸದಿಂದ ಅವು ಬ್ಯಾರೆ ಥರಾ ತಯಾರಾಗಿರ್ತಾವ. ಎಲ್ಲಾರಿಗೂ ಇದ ಕಾರಣ ಅಂತ ಹೇಳಾಕ ಬರಂಗಿಲ್ಲ. ಆದ್ರ ನೀವು ಮೊಬೈಲ್ ನೋಡಿದ್ದಕ್ಕ ಆಗಿದ್ದಂತೂ ಅಲ್ಲ."

"ಪ್ರೋಟೀನಂದ್ರ ಬ್ಯಾಳ್ಯಾಗ ಇರೂದರಿ?" ಮಾಮಾ ಕೇಳಿದ.

"ಇವು ಮೈ ತಾನ ತಯಾರಿಸಿಕೊಳ್ಳೂವು. ಬ್ಯಾಳಿ ತಿನಿಸಿದ್ರ ಬದಲಾಗಂಗಿಲ್ಲ."

"ಹಂಗಾರ ಮೊದಲಿಂದ ಇನ್ನೊಮ್ಮೆ ಹೇಳ್ರಿ."

ಮೂರು ಸಲ ಹೇಳಿಸಿದ. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರು.

ಮುಂದಿನ ಭಾನುವಾರ ಶಿರಹಟ್ಟಿಯ ದೊಡ್ಡಮ್ಮನ ಫೋನು. "ನಿಮ್ಮ ಮಾಮಾ ಬಂದು ನಿಂತಾನವಾ, ಕುಂಡ್ರಂದ್ರ ಕುಂಡ್ರವಲ್ಲ. ಸಿನಾಪ್ಸ್ ಸಿನಾಪ್ಸ್ ಅಂತ ಏನೋ ಹೇಳಿದ, ತಿಳೀತೇನು ಅಂದ. ಹೂಂ ಅಂದ್ರ, ಹಂಗಾರ ನೀ ಹೇಳು ಅಂತಾನ!"

ಆಮೇಲೆ ಅಡರಕಟ್ಟಿ, ಮುಂಡರಗಿ, ಲಕ್ಷ್ಮೇಶ್ವರ. ನನ್ನ ಮೇಲೆ ತಪ್ಪು ಹೊರಿಸಿದ ಒಂದು ಮನೆಯನ್ನೂ ಬಿಡಲಿಲ್ಲ. "ಎಲ್ಲಾರಿಗೂ ಇದ ಕಾರಣ ಅಂತ ಹೇಳಾಕ ಬರಂಗಿಲ್ಲ" ಎಂಬ ಮಾತನ್ನೂ ಬಿಡದೆ, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದನಂತೆ. ಲಕ್ಷ್ಮೇಶ್ವರದ ಅತ್ತೆ, "ಆದ್ರೂ ಮೊಬೈಲ್..." ಎಂದು ಬಾಯಿ ತೆಗೆದದ್ದೇ ತಪ್ಪಾಯಿತು. ಮಾಮಾ ಮತ್ತೆ ಮೊದಲಿನಿಂದ ಶುರು ಮಾಡಿದ. ಒಲೆಯ ಮೇಲಿನ ಸಾರು ಸೀದುಹೋಯಿತು.

ಎಲ್ಲ ಮುಗಿಸಿ ಬೆಟಗೇರಿಯ ನಮ್ಮ ಮನೆಗೆ ಬಂದವನು ನನ್ನ ಮಗಳ ಪಕ್ಕ ನೆಲದ ಮೇಲೆ ಕುಳಿತ. ಅವಳು ಇವನನ್ನು ನೋಡಲಿಲ್ಲ, ಇವನು ಅವಳನ್ನು ನೋಡಲಿಲ್ಲ. ಇಬ್ಬರೂ ಆರಾಮಾಗಿದ್ದರು.

"ಇಷ್ಟ್ಯಾಕ ತಿರಗಾಡಿದಿ ಮಾಮಾ? ಫೋನ್ ಮಾಡಿದ್ರ ಆಗತಿರಲಿಲ್ಲೇನು?" ಎಂದೆ.

ಅವನು ಉರುಳಿ ಬಂದ ಮುಚ್ಚಳವನ್ನು ಅವಳ ಕಡೆಗೆ ಸರಿಸಿದ.

"ನಾನೂ ಐದು ವರ್ಷದ ತನಕ ಮಾತಾಡಿರಲಿಲ್ಲಂತ" ಎಂದ. "ಬಸರಿದ್ದಾಗ ಗ್ರಹಣ ನೋಡಿದ್ಲು, ಅದಕ್ಕ ಮಗ ಹಿಂಗಾದ ಅಂತ ಎಲ್ಲಾರೂ ನಮ್ಮವ್ವಗ ಅಂದ್ರು. ಆಕಿ ಖರೇ ಅಂತ ತಿಳಕೊಂಡ್ಲು. ಸಾಯೂ ಮುಂದ ನನ್ನ ಕೈ ಹಿಡಕೊಂಡು, ನನ್ನಿಂದ ತಪ್ಪಾತಪಾ ಅಂದ್ಲು. ಆಕಿಗೆ ಏನು ಹೇಳಬೇಕಂತ ನನಗ ಅವಾಗ ಗೊತ್ತಿರಲಿಲ್ಲ."