ವರ್ಷಫಲದೊಳಗಿನ ಅರಬ್ಬಿ

ಒಂದು ಪದದ ಮೂಲ ಸಿಕ್ಕರೆ ನನಗೆ ಲಾಟರಿ ಹೊಡೆದಷ್ಟು ಸಂಭ್ರಮ. ಅದನ್ನು ಎದುರಿಗಿದ್ದವರಿಗೆ ಹೇಳದಿದ್ದರೆ ಹೊಟ್ಟೆಯುಬ್ಬರ. ಇದೊಂದು ರೋಗವೆಂದು ನನ್ನ ಹೆಂಡತಿ ಶಾರದೆ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ‘ತರಕಾರಿ’ ಪಾರಸಿ ಪದವೆಂದು ಗಾಂಧಿ ಬಜಾರಿನಲ್ಲಿ ಹುರುಳಿಕಾಯಿ ಮಾರುವಾಕೆಗೆ ವಿವರಿಸುತ್ತಾ ನಿಂತು, ಕೊಂಡ ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಬಂದವನು ನಾನು.

ಆದರೆ ಈ ರೋಗ ಮಗಳು ವೀಣಾಳ ಮದುವೆಗೇ ಕುತ್ತು ತಂದೀತೆಂದು ಎಣಿಸಿರಲಿಲ್ಲ. ಆಗ ತೊಂಬತ್ತರ ದಶಕದ ಕೊನೆ. ಹುಡುಗ, ಹುಡುಗಿ ಒಪ್ಪಿಯಾಗಿತ್ತು. ಬಾಕಿ ಉಳಿದದ್ದು ಹುಡುಗನ ತಂದೆ ಶೇಷಗಿರಿರಾಯರ ಒಪ್ಪಿಗೆ. ಅವರ ಮನೆಯಲ್ಲಿ ಪ್ರತಿಯೊಬ್ಬರ ಹುಟ್ಟುಹಬ್ಬಕ್ಕೂ ತಾಜಿಕವೆಂಬ ಜ್ಯೋತಿಷ ಪದ್ಧತಿಯಂತೆ ಆ ವರ್ಷದ ಭವಿಷ್ಯ, ಅಂದರೆ ವರ್ಷಫಲ, ಬರೆಯುವ ರೂಢಿ. ವೀಣಾಳದ್ದನ್ನೂ ತಾವೇ ಬರೆದು ನಮ್ಮ ಚಾಮರಾಜಪೇಟೆಯ ಮನೆಗೆ ತಂದಿದ್ದರು.

“ಇತ್ಥಶಾಲ ಇದೆ, ಕಂಬೂಲ ಯೋಗಾನೂ ಇದೆ. ಈ ವರ್ಷ ಮದುವೆ ಖಂಡಿತ. ನಮ್ಮ ಋಷಿಗಳು ಎಂಥ ಮಾತು ಕೊಟ್ಟುಹೋಗಿದಾರೆ ನೋಡಿ!” ಎಂದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಋಷಿಗಳಲ್ಲ ರಾಯರೇ, ಅರಬ್ಬರು! ಕಂಬೂಲ ಅಂದ್ರೆ ಅರಬ್ಬಿಯ ಕಬೂಲ್, ಒಪ್ಪಿಗೆ. ನಿಕಾದಲ್ಲಿ ಹೇಳ್ತಾರಲ್ಲ, ಅದೇ! ಇತ್ಥಶಾಲ ಅವರ ಇತ್ತಿಸಾಲ್, ಕೂಡೋದು. ನಿಮ್ಮ ರದ್ದ ಯೋಗ ಇದೆಯಲ್ಲ, ಅದು ನಮ್ಮ ಆಫೀಸ್ ಫೈಲಿನ ರದ್ದು! ತಾಜಿಕ ಅನ್ನೋ ಹೆಸರೇ ಪಾರಸಿ ಕಡೇದು!”

ಶಾರದೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ರಾಯರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ “ಯೋಚ್ನೆ ಮಾಡ್ಬೇಕು” ಎಂದಷ್ಟೇ ಹೇಳಿ ಹೊರಟುಹೋದರು. ವೀಣಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ನಿಜಕ್ಕೂ ಭಯವಾಯಿತು.

ಮರುದಿನ ಶಾರದೆ ಅವರ ಮನೆಗೆ ಹೋಗಿಬಂದಳು. “ಒಪ್ಪಿದಾರೆ. ಆದ್ರೆ ಒಂದು ಷರತ್ತು. ಮದುವೆ ಮುಗಿಯೋವರ್ಗೂ ನೀವು ಯಾವ ಪದದ ಮೂಲಾನೂ ಹೇಳ್ಕೂಡ್ದು.” ಷರತ್ತೂ ಅರಬ್ಬಿಯೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಮಗಳ ಮುಖ ನೋಡಿ ನುಂಗಿಕೊಂಡೆ.

ಮೂರು ತಿಂಗಳು ಬಾಯಿಗೆ ಬೀಗ! ಮಂಟಪದಲ್ಲಿ ರಾಯರು ಪಕ್ಕದಲ್ಲೇ ಕೂತರೂ ನಾನು “ಸೆಕೆ ಜಾಸ್ತಿ” ಎನ್ನುವುದನ್ನು ಬಿಟ್ಟು ಬೇರೇನೂ ಆಡಲಿಲ್ಲ. ಆ ‘ಜಾಸ್ತಿ’ಯೂ ಅರಬ್ಬಿ ಮೂಲದ್ದೇ ಎಂದು ತುಟಿಪಿಟಕ್ ಎನ್ನಲಿಲ್ಲ.

ಬೀಗರ ಔತಣದ ದಿನ ರಾಯರು ನನ್ನನ್ನು ಪಕ್ಕಕ್ಕೆ ಕರೆದು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ಅದರಲ್ಲಿ ತಾಜಿಕದ ಹದಿನಾರು ಯೋಗಗಳ ಹೆಸರು; ನಾನು ಅಂದು ಹೇಳಿದ ಮೂರರ ಮುಂದೆ ಮಾತ್ರ ಅರ್ಥ.

“ಅವತ್ತು ಎಷ್ಟು ಚೆನ್ನಾಗಿ ಹೇಳಿದ್ರಿ ಬೀಗರೇ! ಅವತ್ತಿಂದ ಅದೇ ಗುಂಗು ನಂಗೆ. ಆಮೇಲೆ ಯಾಕೆ ಸುಮ್ಮನಾಗ್ಬಿಟ್ರಿ?”

“ನೀವೇ ಷರತ್ತು ಹಾಕಿದ್ರಲ್ಲ!”

“ಷರತ್ತೇ? ನಿಮ್ಮ ಮನೆಯವ್ರಿಗೆ ಮಾರನೇ ದಿನವೇ ಹೇಳಿದ್ನಲ್ಲ, ನಿಮ್ಮನ್ನ ಬೇಗ ಕಳಿಸ್ಕೊಡಿ, ಮಿಕ್ಕ ಅರ್ಥಾನೂ ಕೇಳ್ಬೇಕು ಅಂತ!”

ಪಂಕ್ತಿಯ ಆ ತುದಿಯಲ್ಲಿ ಶಾರದೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ನೆಮ್ಮದಿಯ ಮೂರು ತಿಂಗಳು ಅವಳಿಗೆ ಸಿಕ್ಕೇ ಇರಲಿಲ್ಲವಂತೆ.