ನಮ್ಮ ಅತ್ತೆಯ ಆಲ್ಸೇಸ್-ಲೊರೇನ್

ನಮ್ಮ ಅತ್ತೆಯವರು ಯುರೋಪಿನ ನೆಲಕ್ಕೆ ಕಾಲಿಟ್ಟವರಲ್ಲ. ಆದರೂ ಫ್ರಾನ್ಸ್ ಮತ್ತು ಜರ್ಮನಿಯ ನಡುವಿನ ಗಡಿಯನ್ನು ಚಪಾತಿಯ ಮೇಲೆ ಎಳೆದು ತೋರಿಸಬಲ್ಲವರು ನಮ್ಮ ಬಳಗದಲ್ಲಿ ಅವರೊಬ್ಬರೇ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಹಸಿದು ಕೂತವನ ಕಣ್ಣೆದುರಿಗೆ ಚಪಾತಿ ಮೊದಲು ಭೂಪಟವಾಗಿ, ಆಮೇಲಷ್ಟೇ ಕಾವಲಿಗೆ ಹೋಗುತ್ತಿತ್ತು ಎಂಬುದೇ ನನ್ನ ತಕರಾರು.

"ಪೂರ್ವಕ್ಕೆ ರೈನ್ ನದಿ," ಎನ್ನುತ್ತ ಲಟ್ಟಣಿಗೆಯ ತುದಿಯಿಂದ ಒಂದು ಗೀರು ಹಾಕುವರು. "ಪಶ್ಚಿಮಕ್ಕೆ ವೋಜ್ ಬೆಟ್ಟ," ಎನ್ನುತ್ತ ಬೆರಳಲ್ಲಿ ಹಿಟ್ಟು ಚಿವುಟಿ ಒಂದು ಏಣು ಎಬ್ಬಿಸುವರು. "ನಡುವೆ ಉದ್ದಕ್ಕೆ, ಪಡವಲಕಾಯಿ ಇದ್ದಂಗ, ಆಲ್ಸೇಸು. ಬೆಟ್ಟದ ಆಚೆಗೆ ಲೊರೇನು. ಅಲ್ಲಿ ಕಬ್ಬಿಣ, ಕಲ್ಲಿದ್ದಲು ಸಿಗ್ತದೆ. ಈಗ ಹೇಳ್ರಿ, ಇದು ಯಾರದು?"

"ನಂದೇ ಅತ್ತೆ. ಹಸಿವಾಗ್ತಿದೆ."

"ಅವರಿಬ್ಬರೂ ಹಂಗೇ ಅಂದ್ರು," ಎಂದು ಅದನ್ನು ಕಾವಲಿಗೆ ಹಾಕುವರು.

ಅತ್ತೆಯವರು ಬಳ್ಳಾರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರಾಗಿದ್ದವರು. ಪಾಠ ಮಾಡಿದ ಅಷ್ಟೂ ವರ್ಷ ಅವರ ಪ್ರಶ್ನೆಪತ್ರಿಕೆಯಲ್ಲಿ ಆಲ್ಸೇಸ್-ಲೊರೇನಿಗೆ ಐದು ಅಂಕ ಮೀಸಲು. ಕತೆ ಹೀಗೆ: ಆಲ್ಸೇಸು ಮೊದಲಿನಿಂದ ಜರ್ಮನ್ ಭಾಷೆಯ ಒಂದು ಆಡುನುಡಿಯ ಸೀಮೆ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ರಾಜರು ಅದನ್ನು ತುಂಡುತುಂಡಾಗಿ ನುಂಗಿದರು. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಆಲ್ಸೇಸಿನ ಜೊತೆಗೆ ಲೊರೇನಿನ ಒಂದು ಭಾಗವನ್ನೂ ಕಿತ್ತುಕೊಂಡಿತು. ಫ್ರೆಂಚರಾಗಿಯೇ ಇರುತ್ತೇವೆ ಎಂದವರು ಮನೆ ಬಿಡಬೇಕು. ಮನೆಯಲ್ಲೇ ಇರುತ್ತೇವೆ ಎಂದವರು ಜರ್ಮನ್ನರಾಗಬೇಕು. ಮೊದಲ ಮಹಾಯುದ್ಧ ಮುಗಿದಾಗ ಮತ್ತೆ ಫ್ರಾನ್ಸು. 1940ರಲ್ಲಿ ನಾಜಿಗಳು ಬಂದು ಫ್ರೆಂಚ್ ಟೋಪಿ ಹಾಕುವುದನ್ನೂ ನಿಷೇಧಿಸಿದರು. ಆ ಯುದ್ಧ ಮುಗಿಯುವಷ್ಟರಲ್ಲಿ ಮತ್ತೆ ಫ್ರಾನ್ಸು. ಪ್ರತಿ ಸಲವೂ ಬೀದಿಯ ಬೋರ್ಡು ಬದಲು, ಶಾಲೆಯ ಪುಸ್ತಕ ಬದಲು. ದೀರ್ಘಾಯುಷಿ ಮುದುಕಿಯೊಬ್ಬಳು ಅಡುಗೆಮನೆಯಿಂದ ಹೊರಗೆ ಬಾರದೆಯೇ ನಾಲ್ಕು ಸಲ ದೇಶ ಬದಲಾಯಿಸಿರುತ್ತಿದ್ದಳು.

ಇಷ್ಟನ್ನೂ ತಪ್ಪಿಲ್ಲದೆ ಬರೆದವಳಿಗೆ ನಾಲ್ಕು ಅಂಕ. ಐದನೆಯದು ಕೊನೆಯ ಒಂದು ವಾಕ್ಯಕ್ಕೆ: "ಈ ಯಾವ ಸಲವೂ ಆ ಜನರನ್ನು ಯಾರೂ ಕೇಳಲಿಲ್ಲ." ಅದನ್ನು ಬರೆಯದವಳು ಕ್ಲಾಸಿಗೇ ಮೊದಲಿಗಳಾದರೂ ಅತ್ತೆ ಒಂದಂಕ ಬಿಟ್ಟುಕೊಡುತ್ತಿರಲಿಲ್ಲವಂತೆ. ನನ್ನ ಹೆಂಡತಿ ಅದೇ ಶಾಲೆಯ ವಿದ್ಯಾರ್ಥಿನಿ. ಅವಳಿಗೆ ಬಂದಿದ್ದು ನಾಲ್ಕು.

ಮಾವನವರು ತೀರಿಕೊಂಡ ಮೇಲೆ ಮಕ್ಕಳು ಅತ್ತೆಯವರಿಗೆ ಗ್ರೀನ್ ಕಾರ್ಡು ಮಾಡಿಸಿ ಕರೆಸಿಕೊಂಡರು. ನನ್ನ ಹೆಂಡತಿಯ ಅಣ್ಣ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ. ತಮ್ಮ ಅಟ್ಲಾಂಟಾದಲ್ಲಿ. ನಡುವೆ ಕೆರೊಲಿನಾಗಳಲ್ಲಿ ನಾವು. ಗಂಡುಮಕ್ಕಳಿಬ್ಬರೂ ಅಮ್ಮನನ್ನು ಬಲು ಪ್ರೀತಿಸುವವರು, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಪ್ರೀತಿ ಎಂದರೆ ಆರಾರು ತಿಂಗಳು ಹಂಚಿಕೊಂಡಿದ್ದರು. ಅತ್ತೆಯವರು ಒಬ್ಬರೇ ವಿಮಾನ ಹತ್ತಲು ಒಪ್ಪದ ಕಾರಣ ಹಸ್ತಾಂತರ ಕಾರಿನಲ್ಲಿ ನಡೆಯುತ್ತಿತ್ತು. ಅಣ್ಣ ಮೇರಿಲ್ಯಾಂಡಿನಿಂದ ತಂದು ನಮ್ಮಲ್ಲಿ ಇಳಿಸುವುದು. ಎರಡು ದಿನ ಬಿಟ್ಟು ತಮ್ಮ ಅಟ್ಲಾಂಟಾದಿಂದ ಬಂದು ಒಯ್ಯುವುದು. ಆರು ತಿಂಗಳಿಗೆ ಅದೇ ಹಿಮ್ಮುಖವಾಗಿ.

ಒಮ್ಮೆ ಇಬ್ಬರೂ ಒಟ್ಟಿಗೆ ನಮ್ಮ ಮನೆಯಲ್ಲಿ ಕೂತು ಮುಂದಿನ ವರ್ಷದ ಮಾತುಕತೆ ನಡೆಸಿದರು.

"ಏಪ್ರಿಲ್‌ವರೆಗೂ ಅಮ್ಮ ನಮ್ಮಲ್ಲೇ ಇರ್ಲಿ ಕಣೋ. ಟ್ವಿನ್ಸ್‌ಗೆ ಸ್ಪ್ರಿಂಗ್ ಬ್ರೇಕ್ ಇದೆ," ಎಂದ ಅಣ್ಣ.

"ಹೋದ ಸಲಾನೂ ನೀನೇ ಎಕ್ಸ್‌ಟೆಂಡ್ ಮಾಡಿದ್ದೆ. ನಮ್ಮ ಪಾಪೂನ ಡೇ ಕೇರ್‌ಗೆ ಹಾಕೋಕೆ ಇವಳಿಗೆ ಮನಸ್ಸೇ ಬರ್ತಿಲ್ಲ," ಎಂದ ತಮ್ಮ.

ಅತ್ತೆಯವರು ಅಲ್ಲೇ ಬಟಾಣಿ ಬಿಡಿಸುತ್ತಿದ್ದರು. ನನ್ನ ಕಡೆ ಬಾಗಿ ಮೆಲ್ಲಗೆ, "ಒಬ್ಬರಿಗೆ ಕಬ್ಬಿಣ ಬೇಕು, ಒಬ್ಬರಿಗೆ ಕಲ್ಲಿದ್ದಲು," ಎಂದರು.

"ಇವರಲ್ಲಿ ಫ್ರಾನ್ಸ್ ಯಾರು ಅತ್ತೆ?"

"ನಾನು ಪ್ರಶ್ನೆಪತ್ರಿಕೆ ಲೀಕ್ ಮಾಡಂಗಿಲ್ಲ."

"ಮತ್ತೆ ನಾವು?"

"ನೀವು ಸ್ವಿಟ್ಜರ್ಲೆಂಡು. ಯುದ್ಧಕ್ಕೆ ಬರಂಗಿಲ್ಲ, ಬಂದವರಿಗೆ ಕಾಫಿ ಕೊಡ್ತೀರಿ."

ನನಗೆ ಈ ಹೋಲಿಕೆ ಇಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ತಟಸ್ಥನಾಗಿರುವುದು ನನ್ನ ಹುಟ್ಟುಗುಣ. ಅಂಜುಬುರುಕತನಕ್ಕೆ ಅದು ಮರ್ಯಾದೆಯ ಹೆಸರು. ನಮ್ಮ ಮನೆಯೂ ಹಾಗೆಯೇ ಇದೆ. ಇರುವುದು ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ, ದುಡಿಯುವುದು ಗಡಿಯಾಚೆಯ ಷಾರ್ಲೆಟ್‌ನಲ್ಲಿ, ಅಂದರೆ ನಾರ್ತ್ ಕೆರೊಲಿನಾದಲ್ಲಿ. ಪ್ರತಿ ವರ್ಷ ಎರಡು ರಾಜ್ಯಗಳಿಗೂ ಟ್ಯಾಕ್ಸ್ ಕಾಗದ ತುಂಬಿ, ಯಾವುದಾದರೊಂದು ರಾಜ್ಯ ನನ್ನನ್ನು ಹಿಡಿದೇ ಹಿಡಿಯುತ್ತದೆ ಎಂದು ಬೇಸಿಗೆಯವರೆಗೂ ನಡುಗುವವನು ನಾನು. ಗಡಿಯಲ್ಲಿ ಬೇಲಿಯಿಲ್ಲ, ಕಾವಲಿಲ್ಲ. ನಮ್ಮ ಕಡೆ ಕಾಲಿಟ್ಟೊಡನೆ ಪಟಾಕಿ ಅಂಗಡಿಗಳು ಶುರು, ಅಷ್ಟೇ. ನಾರ್ತಿನಲ್ಲಿ ಢಂ ಎನ್ನುವ ಪಟಾಕಿ ಮಾರುವಂತಿಲ್ಲ. ದೀಪಾವಳಿ ಬಂತೆಂದರೆ ಷಾರ್ಲೆಟ್ಟಿನ ಕನ್ನಡಿಗರೆಲ್ಲ ನಮ್ಮ ಆಪ್ತರಾಗುತ್ತಾರೆ.

ಅತ್ತೆಯವರಿಗೆ ಈ ಗಡಿ ಬಹಳ ಹಿಡಿಸಿತ್ತು. ಸಂಜೆ ವಾಕಿಂಗ್ ಹೊರಟರೆ ರಾಜ್ಯದ ಬೋರ್ಡಿನವರೆಗೂ ಹೋಗಿ, ಆಚೆ ಒಂದು ಹೆಜ್ಜೆ ಇಟ್ಟು, ವಾಪಸು ಬರುವರು. ಕೆರೆಯ ದಂಡೆಯ ಬಾತುಗಳನ್ನು ನೋಡಿ, "ಆಲ್ಸೇಸಿನಾಗ ಕೊಕ್ಕರೆ ಮನೀ ಚಿಮಣಿ ಮ್ಯಾಲೆ ಗೂಡು ಕಟ್ತದೆ. ಅದೃಷ್ಟ ಅಂತಾರೆ. ನಿಮ್ಮವು ಬರೀ ಕಾರಿನ ಮ್ಯಾಲೆ ಹೇಲ್ತಾವೆ," ಎನ್ನುವರು.

ಒಂದು ನವೆಂಬರಿನಲ್ಲಿ ನಮ್ಮ ಕನ್ನಡ ಕೂಟದವರು ಅವರ ಕೈಗೆ ಮೈಕು ಕೊಟ್ಟ ಅಚಾತುರ್ಯವೂ ನಡೆಯಿತು. ರಾಜ್ಯೋತ್ಸವದ ಬಗ್ಗೆ ಐದು ನಿಮಿಷ ಮಾತಾಡಿ ಎಂದಿದ್ದರು. ಅತ್ತೆಯವರು ರೈನ್ ನದಿಯಿಂದ ಶುರು ಮಾಡಿದರು. ಬಿಸಿಬೇಳೆ ಬಾತು ಬರೀ ಬೇಳೆ ಬಾತಾಯಿತು. ಕೊನೆಗೆ ಒಬ್ಬ ಹುಡುಗ ಎದ್ದು, "ಆಂಟಿ, ಸಾರಿ, ಇದಕ್ಕೂ ಕರ್ನಾಟಕಕ್ಕೂ ಏನು ಕನೆಕ್ಷನ್ನು?" ಎಂದು ಕೇಳಿಯೇ ಬಿಟ್ಟ. ನಾನು ಕುರ್ಚಿಯಲ್ಲಿ ಕುಗ್ಗಿದೆ.

"ನಾನು ಓದಿದ್ದು ಮದ್ರಾಸ್ ಪ್ರಾಂತ್ಯದಾಗಪ್ಪ," ಎಂದರು ಅತ್ತೆ. "ಟೀಚರ್ ಆಗಿದ್ದು ಮೈಸೂರು ರಾಜ್ಯದಾಗ. ರಿಟೈರ್ ಆಗಿದ್ದು ಕರ್ನಾಟಕದಾಗ. ಮೂರೂ ಒಂದೇ ಸ್ಕೂಲು. ಬೆಂಚು ಒಂದಿಂಚು ಸರೀಲಿಲ್ಲ."

ಚಪ್ಪಾಳೆ ಬಂತು. ಅತ್ತೆ ಅದನ್ನು ಅಪಾರ್ಥ ಮಾಡಿಕೊಂಡು ಲೊರೇನಿನ ಗಣಿಗಳಿಗೆ ಹೊರಳಿದರು.

ಇನ್ನೊಂದು ಪ್ರಸಂಗ. 1871ರಲ್ಲಿ ಆಲ್ಸೇಸ್ ಕೈತಪ್ಪಿದಾಗ, ಪ್ಯಾರಿಸ್ಸಿನ ಚೌಕದಲ್ಲಿ ಸ್ಟ್ರಾಸ್‌ಬರ್ಗ್ ನಗರದ ಪ್ರತಿಮೆಗೆ ಫ್ರೆಂಚರು ಕಪ್ಪು ಬಟ್ಟೆ ಹೊದಿಸಿದರಂತೆ; ಪ್ರಾಂತ್ಯ ವಾಪಸು ಬರುವವರೆಗೂ ಆ ಸೂತಕ ಬಿಡಲಿಲ್ಲವಂತೆ. ಇದನ್ನು ನನ್ನ ಮೂರನೇ ಕ್ಲಾಸಿನ ಮಗಳಿಗೆ ಹೇಳಿ ಅತ್ತೆಯವರು ಅಟ್ಲಾಂಟಾಕ್ಕೆ ಹೋದರು. ಮರುದಿನ ಅಜ್ಜಿಯ ಕುರ್ಚಿಗೆ ಕಪ್ಪು ರಿಬ್ಬನ್ನು ಬಿಗಿದಿತ್ತು. ನನ್ನ ಹೆಂಡತಿ ಹೌಹಾರಿದಳು.

"ಬದುಕಿರೋರ ಕುರ್ಚಿಗೆ ಕಪ್ಪು ಕಟ್ತಾರೇನೇ? ತೆಗಿ ಮೊದ್ಲು."

"ಬಟ್ ಅಮ್ಮ, ವಿ ಲಾಸ್ಟ್ ಹರ್!"

ಕೊನೆಗೆ ಹಳದಿ ರಿಬ್ಬನ್ನಿಗೆ ರಾಜಿಯಾಯಿತು. ಆರು ತಿಂಗಳು ನಮ್ಮ ಊಟದ ಮೇಜು ಮದುವೆಮನೆಯಂತೆ ಕಾಣುತ್ತಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಅತ್ತೆಯವರು ನಮ್ಮಲ್ಲಿ ಎಂದೂ ಪೆಟ್ಟಿಗೆ ಬಿಚ್ಚಿದವರಲ್ಲ. ಗೆಸ್ಟ್ ರೂಮಿನ ಕಪಾಟು ಖಾಲಿಯಿದ್ದರೂ ಸೀರೆಗಳು ಪೆಟ್ಟಿಗೆಯಲ್ಲೇ. ಬೇಕಾದ್ದನ್ನು ತೆಗೆದು, ಮತ್ತೆ ಟಕ್ ಟಕ್ ಎಂದು ಚಿಲಕ. ಗಂಡುಮಕ್ಕಳಿರುವ ತಾಯಿ ಅಳಿಯನ ಮನೆಗೆ ನೆಂಟಳಾಗಿ ಬರಬೇಕು, ನೆಂಟಳಾಗಿ ಹೋಗಬೇಕು. ಅಲ್ಲೇ ಬೇರು ಬಿಟ್ಟರೆ ಜನ ಮಕ್ಕಳನ್ನೂ ಆಡಿಕೊಳ್ಳುತ್ತಾರೆ, ಅಳಿಯನನ್ನೂ ಆಡಿಕೊಳ್ಳುತ್ತಾರೆ. ಇದು ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ನಾನೂ ಬಾಯಿಬಿಟ್ಟು "ಇರಿ" ಎಂದವನಲ್ಲ. ಎಂದರೆ ಭಾವಮೈದರು ಏನೆಂದುಕೊಂಡಾರು? ಅತ್ತೆಯವರೇ ಏನೆಂದುಕೊಂಡಾರು? ನಮ್ಮದೂ ಕಲ್ಲಿದ್ದಲಿನ ಆಸೆ ಎಂದುಕೊಂಡರೆ?

ಅಷ್ಟರಲ್ಲಿ ಹೊಸ ಚಿಂತೆಯೊಂದು ಅಂಟಿಕೊಂಡಿತು. ಅತ್ತೆಯವರು ಪಕ್ಕಾ ವಿಚಾರವಾದಿ. ರಾಹುಕಾಲ, ಗುಳಿಕಕಾಲ ಎಂದವರನ್ನು ಕ್ಲಾಸಿನ ಹೊರಗೆ ನಿಲ್ಲಿಸಿದವರು. ಒಮ್ಮೆ ಬೇಕೆಂದೇ ಅಮಾವಾಸ್ಯೆಯ ದಿನ ಪ್ರಯಾಣ ಹೊರಟಿದ್ದರಂತೆ. "ಅವತ್ತು ಆದ ಅನಾಹುತ ಒಂದೇ. ರೈಲು ಟೈಮಿಗೆ ಬಂತು," ಎನ್ನುತ್ತಿದ್ದರು. ಅಂಥವರು ಒಂದು ಸಲ ಅಟ್ಲಾಂಟಾದ ಕಾರು ಬರುವ ಹಿಂದಿನ ದಿನ, "ನಾಳೆ ಅಷ್ಟಮಿ, ಪ್ರಯಾಣ ಬ್ಯಾಡ," ಎಂದರು. ಮುಂದಿನ ಸಲ ಅಷ್ಟಮಿಯ ಬೆನ್ನಿಗೆ ನವಮಿ ಬಂತು. ಅದರ ಮುಂದಿನ ಸಲ ಮಂಗಳವಾರವೂ ಸೇರಿತು. ಎರಡು ದಿನದ ಬಿಡಾರ ವಾರವಾಯಿತು, ಎರಡು ವಾರವಾಯಿತು. ನಮ್ಮ ಮನೆಯಲ್ಲಿ ಪಂಚಾಂಗವಿಲ್ಲ. ಇಷ್ಟು ತಿಥಿಗಳನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರಲ್ಲ ಎಂದು ನಾನು ಬೆರಗಾದೆ. ಮೂಢನಂಬಿಕೆ ವಯಸ್ಸಿನ ಲಕ್ಷಣವೇ ಎಂದು ಷಾರ್ಲೆಟ್ಟಿನ ಡಾಕ್ಟರ್ ಮಿತ್ರರೊಬ್ಬರನ್ನು ಕೇಳಿಯೂ ಕೇಳಿದೆ. ಅವರು ನನ್ನ ಬಿಪಿ ನೋಡಿ ಕಳಿಸಿದರು.

ಆ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಹಸ್ತಾಂತರದ ಸಮಯ ಬಂತು. ತಮ್ಮ ಮರುದಿನ ಹೊರಡುವವನಿದ್ದ. ಈ ಸಲ ಅವನು ಆರು ತಿಂಗಳ ಮಾತು ಬಿಟ್ಟು, "ಇನ್ಮೇಲೆ ಅಮ್ಮ ಪರ್ಮನೆಂಟಾಗಿ ಅಟ್ಲಾಂಟಾದಲ್ಲೇ. ಅಣ್ಣನೂ ಒಪ್ಪಿದಾನೆ," ಎಂದು ಫೋನಿನಲ್ಲಿ ಹೇಳಿದ್ದ. ಅತ್ತೆಯವರಿಗೆ ಇದನ್ನು ತಿಳಿಸಿದಾಗ ಅವರು, "ಹೌದಾ," ಎಂದರು. ಆಮೇಲೆ, "ನಾಳೆ ನವಮಿ," ಎಂದರು.

ಮಗಳಿಗೆ ಆ ತಿಂಗಳು ಶಾಲೆಯಲ್ಲಿ ಚಂದ್ರನ ಪ್ರಾಜೆಕ್ಟು. ದಿನಾ ಸಂಜೆ ಹಿತ್ತಿಲಿಗೆ ಹೋಗಿ ಚಂದ್ರನನ್ನು ನೋಡಿ ಚಿತ್ರ ಬಿಡಿಸಬೇಕು. ನಾನೂ ಜೊತೆಗೆ ನಿಂತಿದ್ದೆ. ಪಕ್ಕದ ಮನೆಯ ಓಕ್ ಮರದ ಹಿಂದಿನಿಂದ ಅವನು ಮೇಲೆದ್ದು ಬಂದ.

"ಅಪ್ಪ, ನವಮಿ ಅಂದ್ರೆ ಅರ್ಧಕ್ಕಿಂತ ಒಂಚೂರು ಜಾಸ್ತಿ, ರೈಟ್? ಅಜ್ಜಿನೇ ಹೇಳಿಕೊಟ್ಟಿದ್ದು."

"ಹೌದು."

"ದೆನ್ ಅಜ್ಜಿ ಈಸ್ ರಾಂಗ್. ಲುಕ್."

ನೋಡಿದೆ. ತಟ್ಟೆಯಂಥ ಹುಣ್ಣಿಮೆ.

ಒಳಗೆ ಬಂದು ಹೆಂಡತಿಯನ್ನು ಪಕ್ಕಕ್ಕೆ ಕರೆದೆ. "ನಾಳೆ ನವಮಿ ಅಲ್ಲ ಕಣೆ."

"ಗೊತ್ತು," ಎಂದಳು, ಬಟ್ಟೆ ಮಡಿಸುತ್ತ.

"ಯಾವಾಗಿಂದ ಗೊತ್ತು?"

"ಮೊದಲನೇ ಅಷ್ಟಮಿಯಿಂದ."

"ಮತ್ತೆ ನನಗೆ ಹೇಳಲಿಲ್ಲ?"

ಅವಳು ಟವೆಲ್ಲಿನ ನಾಲ್ಕು ಮೂಲೆ ಕೂಡಿಸಿದಳು. "ನೀವು ಕೇಳಲಿಲ್ಲ."

ಅತ್ತೆಯವರು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ನಾಳಿನ ದಾರಿಗೆ ಬುತ್ತಿ. ಅವತ್ತು ನದಿ ಇಲ್ಲ, ಬೆಟ್ಟ ಇಲ್ಲ, ಬರೀ ದುಂಡು ಚಪಾತಿ. ನಾನು ಬಾಗಿಲಿಗೆ ಒರಗಿ ನಿಂತೆ. ಸ್ವಿಟ್ಜರ್ಲೆಂಡು ಇಷ್ಟು ವರ್ಷಕ್ಕೆ ಮೊದಲ ಸಲ ಬಾಯಿ ತೆರೆಯುವುದಿತ್ತು.

"ಅತ್ತೆ, ಒಂದು ಪ್ರಶ್ನೆ. ಐದು ಅಂಕದ್ದು."

"ಕೇಳ್ರಿ."

"ನಿಮಗೆ ಎಲ್ಲಿರಬೇಕು ಅಂತ ಇದೆ?"

ಲಟ್ಟಣಿಗೆ ನಿಂತಿತು. ಆಮೇಲೆ ಮತ್ತೆ ಉರುಳಿತು. "ಅಳಿಯನ ಮನ್ಯಾಗ ಅತ್ತೆ ಇರ್ತಾಳೇನ್ರಿ? ಮಂದಿ ಏನಂತಾರೆ?"

"ಅದು ಉತ್ತರ ಅಲ್ಲ. ನೀವೇ ಅಂಕ ಕೊಡಲ್ಲ ಅದಕ್ಕೆ."

ಅವರು ತಲೆ ಎತ್ತಲಿಲ್ಲ. ಚಪಾತಿ ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ಕೆಳಗಿನ ಮಣೆಯ ಬಣ್ಣ ಕಾಣುವಷ್ಟು.

"ನಾಳೆ ನವಮಿ," ಎಂದರು.

"ನಾಳಿದ್ದು?"

"ನಾಳಿದ್ದೂ ನವಮಿನೇ."

ನಾನು ಹೋಗಿ ಅಟ್ಲಾಂಟಾಕ್ಕೆ ಫೋನು ಮಾಡಿ, ನಾಳೆ ನವಮಿ, ನಾಳಿದ್ದೂ ನವಮಿಯಂತೆ ಎಂದೆ. ಭಾವಮೈದ ಮೊದಲು ನಕ್ಕ. ಆಮೇಲೆ, "ಅಮ್ಮ ಹಾಗಂದ್ರಾ?" ಎಂದ. ಕೊನೆಗೆ ಮೆಲ್ಲಗೆ ಕೇಳಿದ, "ಎಷ್ಟು ದಿನ ಇರತ್ತೆ ಭಾವ, ಈ ನವಮಿ?"

"ನಮ್ಮ ಕಡೆ ಸ್ವಲ್ಪ ಉದ್ದ ಕಣಪ್ಪ," ಎಂದೆ. "ನೀನು ಹೆಂಗೂ ಬಾ. ಪಾಪೂನ ಕರ್ಕೊಂಡು ಬಾ. ನಾಳೆ ನಿನಗೆ ಪ್ರಯಾಣಕ್ಕೆ ದಿನ ಚೆನ್ನಾಗಿದೆ."

ಫೋನಿಡುವಾಗ ಗೆಸ್ಟ್ ರೂಮಿನಿಂದ ಟಕ್ ಟಕ್ ಎಂದು ಚಿಲಕದ ಸದ್ದು ಕೇಳಿತು. ಮತ್ತೆ ಮುಚ್ಚಿದ ಸದ್ದು ಬರುತ್ತದೆಂದು ಕಾದೆ. ಬರಲಿಲ್ಲ. ಆ ಕಪಾಟಿನಲ್ಲಿ ಎರಡೋ ಮೂರೋ ಹ್ಯಾಂಗರುಗಳಿದ್ದವು, ಅವರ ಸೀರೆಗಳಿಗೆ ಎಲ್ಲಿ ಸಾಲಬೇಕು ಎಂಬ ಚಿಂತೆ ನನಗೆ ಆಗಲೇ ಹತ್ತಿಕೊಂಡಿತು. ನನ್ನ ಕಪಾಟು ತೆರೆದು, ಆಫೀಸಿನ ಶರ್ಟುಗಳನ್ನು ಒಂದೊಂದಾಗಿ ಹ್ಯಾಂಗರಿನಿಂದ ತೆಗೆದು ಮಂಚದ ಮೇಲೆ ಹಾಕತೊಡಗಿದೆ.