ಕುಟ್ಟಿಸಿದ್ದು ಖಾರವೋ, ಕಾರೋ?

"ಈ ಕಾರಿಗೆ ಒಂದ ಒಂದು ಗೀರು ಬಿತ್ತಂದ್ರ ನನ್ನ ಹೆಸರು ಗೌರೀಶನ ಅಲ್ಲ!"

ಹೊಸ ಬಿಳಿ ಕಾರು ಅಂಗಳಕ್ಕೆ ಬಂದ ದಿನ ಗೌರೀಶ ಓಣಿಯ ಜನರೆದುರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದ. ಎಲ್ಲರ ಬಾಯಲ್ಲೂ ಪೇಢೆ ಇದ್ದುದರಿಂದ ಯಾರೂ ಎದುರಾಡಲಿಲ್ಲ. ಹೆಂಡತಿ ಶರಣಬಸಮ್ಮ ಮಾತ್ರ ಪೇಢೆಯ ಡಬ್ಬಿ ಮುಚ್ಚುತ್ತ, "ನೋಡಿ ಮಾತಾಡ್ರಿ. ಹೆಸರು ಬದಲಿ ಮಾಡೂದಂದ್ರ ಆಧಾರ ಕಾರ್ಡಿಗೂ ಅಡ್ಡಾಡಬೇಕಾಕ್ಕೈತಿ" ಅಂದಳು.

ಗಿಣಿಗೇರಾದಲ್ಲಿ ಬಿಳಿ ಕಾರು ಕೊಳ್ಳುವುದಕ್ಕೆ ದುಡ್ಡಿಗಿಂತ ಎದೆಗಾರಿಕೆ ಬೇಕು. ಊರ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆ ತೆಗೆಯುವಾಗ ಬೇರೆ ಯಾರದೋ ಅಂಗಿಯಂತೆ ಕಾಣುತ್ತದೆ. ಗೌರೀಶನ ಕೆಲಸವೂ ಅಂಥದೇ ಒಂದು ಕಾರ್ಖಾನೆಯಲ್ಲಿ, ಲಾರಿ ತೂಗುವ ಕಟ್ಟೆಯ ಮೇಲೆ. ಬಂಪರ್ ಜೋಲುವ, ಬಾಗಿಲು ನೆಗ್ಗಿದ ಲಾರಿಗಳನ್ನು ದಿನವಿಡೀ ನೋಡಿ ನೋಡಿ, ತನ್ನ ಕಾರಿಗೆ ಮಾತ್ರ ಇಂಥ ಗತಿ ಬರಬಾರದೆಂದು ಅವನು ಗಟ್ಟಿ ಮನಸ್ಸು ಮಾಡಿದ್ದ.

ಹಾಗಾಗಿ ಕಾರಿಗೊಂದು ಸಂವಿಧಾನ ಜಾರಿಯಾಯಿತು! ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ಬಿಚ್ಚಿ, ಚೀಲದಲ್ಲಿ ಹಾಕಿ, ತೊಡೆಯ ಮೇಲಿಟ್ಟುಕೊಳ್ಳಬೇಕು. ಒಳಗೆ ಕುಳಿತು ಏನನ್ನೂ ತಿನ್ನುವಂತಿಲ್ಲ, ಬಾಳೆಹಣ್ಣು ಸಹ. ಕಿಟಕಿ ಇಳಿಸಿದರೆ ಧೂಳು, ಎಸಿ ಹಾಕಿದರೆ ಪೆಟ್ರೋಲು. ಆದ್ದರಿಂದ ಎರಡೂ ನಿಷಿದ್ಧ. ಹ್ಯಾಂಡ್ ಬ್ರೇಕಿನ ಮಾತು ಬಂದರಂತೂ ಗೌರೀಶ ಪ್ರವಚನಕ್ಕೇ ಕೂರುತ್ತಿದ್ದ. "ಹ್ಯಾಂಡ್ ಬ್ರೇಕ್ ಜಗ್ಗದ ಕಾರು ಇಳಿಯೂ ಮನಿಷ್ಯಾಗ ಲೈಸೆನ್ಸ್ ಕೊಟ್ಟವರನ್ನ ಮೊದಲ ಒಳಗ ಹಾಕಬೇಕು!" ತನ್ನ ಚಪ್ಪಟೆ ಅಂಗಳದಲ್ಲೂ ಅವನು ಹ್ಯಾಂಡ್ ಬ್ರೇಕ್ ಜಗ್ಗಿ, ಗಾಲಿಗಳ ಬುಡಕ್ಕೆ ಇಟ್ಟಿಗೆ ಕೊಟ್ಟು, ಕವರ್ ಹೊದಿಸಿ, ಕವರಿಗೆ ಧೂಳು ಹತ್ತದಿರಲೆಂದು ಅದರ ಮೇಲೊಂದು ಹಳೆಯ ಚಾದರ ಹೊದಿಸಿ, ಬಸ್ ಹತ್ತಿ ಕೊಪ್ಪಳಕ್ಕೆ ಹೋಗಿ ಕಾಯಿಪಲ್ಯೆ ತರುತ್ತಿದ್ದ.

ಇದೆಲ್ಲವನ್ನೂ ಶರಣಬಸಮ್ಮ ನಕ್ಕು ಸಹಿಸಿದಳು. ಸಹಿಸಲಾಗದ್ದು ಒಂದೇ, ಅವಳ ತಾಯಿ ಮುದಕಮ್ಮನ ವಿಷಯ. ಮುದಕಮ್ಮ ಯಲಬುರ್ಗಾದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಳು. ಕುಷ್ಟಗಿಯಲ್ಲಿರುವ ಕಿರಿಮಗ ದುರುಗೇಶನ ಮಗಳು ಹೆತ್ತಿದ್ದಳು, ಮುಂದಿನ ತಿಂಗಳ ಮೊದಲ ಆಯಿತವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಮರಿಮಗಳ ತೊಟ್ಟಿಲು ತೂಗಬೇಕೆಂದು ಮುದುಕಿಯ ಜೀವ ಹಾರುತ್ತಿತ್ತು. ಆದರೆ ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಬಾಡಿಗೆ ಗಾಡಿ ಕಳಿಸುತ್ತೇನೆಂದು ದುರುಗೇಶ ಅಂದರೆ, "ಅಳಿಯಾರ ಕಾರು ಇರಬೇಕಾದ್ರ ಬಾಡಿಗಿ ಗಾಡಿ ಯಾಕೋ? ಹೋದ್ರ ಅದರಾಗ ಹೋಗ್ತೀನಿ, ಇಲ್ಲಂದ್ರ ಇಲ್ಲ" ಎಂಬ ಹಟ.

"ಅವ್ವನ್ನ ಕರಕೊಂಡು ಹೋಗೂಣ್ರಿ" ಎಂದು ಶರಣಬಸಮ್ಮ ಕೇಳಿದಾಗಲೆಲ್ಲ ಗೌರೀಶ ಹೇಳುತ್ತಿದ್ದುದು ಒಂದೇ ಮಾತು: "ನೋಡೂಣು. ಯಲಬುರ್ಗಾ ರಸ್ತೇದಾಗ ಎರಿಮಣ್ಣಿನ ಧೂಳು ಭಾಳ."

ಕೊನೆಗೊಂದು ದಿನ ಅವಳು ಸಿಡಿದಳು. "ನೀವು ನೋಡ್ಕೋತ ಕುಂದರ್ರಿ. ನಾನ ಕಾರು ಕಲ್ತು ನಮ್ಮವ್ವನ್ನ ಕರಕೊಂಡು ಹೋಗ್ತೀನಿ!"

ಗೌರೀಶ ನಕ್ಕುಬಿಟ್ಟ. ಆದರೆ ಮರುದಿನವೇ ಅವಳು ಹತ್ತಿರ ಬಂದು ಮೆತ್ತಗೆ, "ಕಾರಿನ ಕೀಲಿ ಕೊಟ್ಟು ಹೋಗ್ರಿ, ಒಳಗ ಒರಸ್ತೀನಿ" ಅಂದಾಗ ಅವನ ಎದೆ ತುಂಬಿ ಬಂತು. ಅಂತೂ ಹೆಂಡತಿಗೆ ಕಾರಿನ ಬೆಲೆ ತಿಳಿಯಿತು! ಅಂದಿನಿಂದ ಸಂಜೆ ಬಂದು ನೋಡಿದರೆ ಕಾರು ಫಳಫಳ. ಗೌರೀಶ ಜೊತೆಗೆ ಕೆಲಸ ಮಾಡುವ ಜಾವೇದನ ಮುಂದೆ, "ಹೆಣ್ಮಕ್ಕಳಿಗೆ ಸಮಾಧಾನದಿಂದ ತಿಳಿಸಿ ಹೇಳಬೇಕಪ" ಎಂದು ಉಪದೇಶವನ್ನೂ ಮಾಡಿದ.

ಹೀಗಿರುವಾಗ ಬಂತು ಆ ಫೋನು. ತೂಕದ ಕಟ್ಟೆಯ ಮೇಲೊಂದು ಲಾರಿ ಗುರುಗುಟ್ಟುತ್ತಿತ್ತು. ಗೌರೀಶ ಒಂದು ಕಿವಿ ಮುಚ್ಚಿ ಇನ್ನೊಂದಕ್ಕೆ ಫೋನ್ ಒತ್ತಿದ.

"ರೀ, ಕಾರ ಕುಟ್ಟಿಸಿಬಿಟ್ಟೆ ನೋಡ್ರಿ!"

"ಏನಂದೀ?!"

"ಕಾರ ಕುಟ್ಟಿಸಿದೆ ಅಂದೆ. ನಿಮಗ ಹೇಳಿದ್ರ ಇವತ್ತ ನಾಳೆ ಅಂತೀರಂತ ನಾನ ಒಯ್ದೆ."

"ಎಲ್ಲಿ ಕುಟ್ಟಿಸಿದಿ?"

"ಮೌಲಾಹುಸೇನನ ಗಿರಣ್ಯಾಗ."

ಗಿರಣಿಯ ಮುಂದೆ ಅಲ್ಲ, ಗಿರಣಿಯೊಳಗೇ ನುಗ್ಗಿಸಿದ್ದಾಳೆ! "ಎಷ್ಟು... ಎಷ್ಟು ಆಗೇತಿ?"

"ಪೂರಾ ಪುಡಿ ಆಗೇತ್ರಿ! ಭಾಳ ಸಣ್ಣಗ ಆಗೇತಿ. ಮೌಲಾಹುಸೇನ ಎರಡೆರಡು ಸಲ ಕುಟ್ಯಾನ."

"ಎರಡು ಸಲ?! ಒಂದು ಸಲ ಕುಟ್ಟಿದ್ದು ಸಾಲಲಿಲ್ಲೇನು ಅವಗ?"

"ಒಂದ ಸಲ ಕುಟ್ಟಿದ್ರ ದಪ್ಪ ದಪ್ಪ ಉಳೀತೈತ್ರಿ. ಈಗ ಬಂದು ನೋಡ್ರಿ, ಹೆಂಗ ಕೆಂಪಗ ಆಗೇತಿ!"

"ಬಂಪರ್ ಏನಾತು? ಗಾಜು? ಮುಂದಿನ ಲೈಟು ಅದಾವೇನು?"

"ಏನೋ ಕೇಳ್ಸವಲ್ದು ಬಿಡ್ರಿ. ಎಲ್ಲಾ ಡಬ್ಬ್ಯಾಗ ತುಂಬಿಕೊಂಡು ಮನಿಗೆ ಬಂದೀನಿ!"

ಕಾರು ಡಬ್ಬಿಯಲ್ಲಿ! ಗೌರೀಶ ಲಾರಿಯನ್ನು ತೂಕದ ಮೇಲೆಯೇ ಬಿಟ್ಟು ಜಾವೇದನ ಬೈಕಿನ ಹಿಂದೆ ಹಾರಿ ಕುಳಿತ. ದಾರಿಯುದ್ದಕ್ಕೂ ಜಾವೇದ, "ಇನ್ಶೂರೆನ್ಸ್ ಇರ್ತೈತಿ ಬಿಡ್ರಿ ಸಾಹೇಬ್ರ, ಧೈರ್ಯ ತಗೋರಿ" ಎಂದು ಸಮಾಧಾನ ಹೇಳುತ್ತಿದ್ದ.

ಮನೆ ಬಾಗಿಲಲ್ಲಿ ಶರಣಬಸಮ್ಮ ಡಬ್ಬಿ ಹಿಡಿದು ನಿಂತಿದ್ದಳು. ಕಣ್ಣು ಮೂಗು ಕೆಂಪಾಗಿದ್ದವು. ಗೌರೀಶ ಅವಳನ್ನು ದಾಟಿಕೊಂಡು ಅಂಗಳಕ್ಕೆ ಓಡಿ, ಚಾದರ ಕಿತ್ತು, ಕವರ್ ಕಿತ್ತು ನೋಡಿದರೆ ಕಾರು ಇದ್ದಲ್ಲೇ ಇದೆ! ಗೀರಿಲ್ಲ, ನೆಗ್ಗಿಲ್ಲ! ಬಾನೆಟ್ಟಿಗೆ ಕೆನ್ನೆ ಹಚ್ಚಿ ಅವನು ಅತ್ತೇಬಿಟ್ಟ.

ಆಮೇಲಷ್ಟೇ ಡಬ್ಬಿಯ ಕಡೆ ಅವನ ಕಣ್ಣು ಹೋಯಿತು. ಅದರ ತುಂಬ ವರ್ಷಕ್ಕಾಗುವಷ್ಟು ಖಾರದಪುಡಿ, ಕೆಂಪಂದರೆ ಕೆಂಪು. ನಮ್ಮ ಕಡೆ ಮಾತಾಡುವಾಗ ಖಾರಕ್ಕೂ ಕಾರಿಗೂ ವ್ಯತ್ಯಾಸವಿರುವುದಿಲ್ಲ, ಅದರಲ್ಲೂ ಲಾರಿ ಗುರುಗುಡುತ್ತಿದ್ದರೆ ಮುಗಿದೇ ಹೋಯಿತು.

"ಈ ವರ್ಷ ಒಂದು ಕಣ ಮಸಿ ಇಲ್ಲ ನೋಡ್ರಿ" ಎಂದು ಶುರುಮಾಡಿದ ಶರಣಬಸಮ್ಮ, ಗಂಡನ ಮುಖ ನೋಡಿ ನಿಂತಳು. ಒಂದೊಂದಾಗಿ ಎಲ್ಲ ಅವಳಿಗೆ ಹೊಳೆಯಿತು. "ನಾ ಕಾರು ಒಯ್ದು ಗುದ್ದೀನಿ ಅಂತ ತಿಳಕೊಂಡ್ರೇನು?"

"ಹೂಂ..."

"ಪೂರಾ ಪುಡಿ ಆಗೇತಿ, ಕೆಂಪಗ ಆಗೇತಿ ಅಂತ?"

"ಹೂಂ."

"ಮತ್ತ ಬಂಪರ್ ಕೇಳಿದ್ರಿ, ಗಾಜು ಕೇಳಿದ್ರಿ, ಲೈಟು ಕೇಳಿದ್ರಿ. ನಿನಗೇನಾತು ಅಂತ ಯಾಕ ಕೇಳಲಿಲ್ಲ?"

ಜಾವೇದ, "ಸಾಹೇಬ್ರ, ತೂಕದ ಮ್ಯಾಲ ಲಾರಿ ನಿಂತೈತ್ರಿ" ಎನ್ನುತ್ತ ಬೈಕ್ ತಿರುಗಿಸಿದ. ಗೌರೀಶನಿಗೆ ನಿಜಕ್ಕೂ ನಾಚಿಕೆಯಾಯಿತು. ಕೊನೆಗೆ ನೆಲ ನೋಡುತ್ತ, "ಆಯಿತಾರ ಅತ್ತೀನ್ನ ಕರಕೊಂಡು ಕುಷ್ಟಗಿಗೆ ಹೋಗೂಣು. ನಮ್ಮ ಕಾರಿನಾಗ" ಅಂದ.

ಶರಣಬಸಮ್ಮ ಮುಖ ಸಡಿಲಿಸಲಿಲ್ಲ. "ಮಾತು ತಪ್ಪಿದ್ರ ಖರೇನ ಒಯ್ದು ಕುಟ್ಟಿಸ್ತೀನಿ" ಎಂದು ಒಳಗೆ ಹೋದಳು.

ಆಯಿತವಾರ ತಂಪು ಹೊತ್ತಿನಲ್ಲೇ ಹೊರಟರು. ಕಾರೊಳಗೆ ಕುಳಿತೊಡನೆ ಗೌರೀಶ ಮೂಗರಳಿಸಿ, "ಏನೋ ಘಾಟು ಬರಾಕತ್ತೈತಲ್ಲ?" ಅಂದ.

"ಹೊಸಾ ಕಾರಿನ ವಾಸನಿ ಇರಬೇಕ್ರಿ" ಎಂದ ಶರಣಬಸಮ್ಮ ಕಿಟಕಿಯಾಚೆ ನೋಡತೊಡಗಿದಳು.

ಯಲಬುರ್ಗಾದಲ್ಲಿ ಮುದಕಮ್ಮ ಇಳಕಲ್ ಸೀರೆ ಉಟ್ಟು, ಕೂಸಿನ ತಲೆಗೆ ಹಾಕುವ ಕುಂಚಿಗೆ ಹಿಡಿದು, ಕಟ್ಟೆಯ ಮೇಲೆ ತಯಾರಾಗಿ ಕುಳಿತಿದ್ದಳು. ಅಳಿಯನ ಸಂವಿಧಾನವನ್ನು ಮಗಳ ಬಾಯಿಂದ ಕೇಳಿದ್ದಳಾದ್ದರಿಂದ ಕಾರಿಗೆ ಕೈ ಮುಗಿದು, ಗುಡಿಯ ಮುಂದೆ ಬಿಡುವಂತೆ ಚಪ್ಪಲಿಯನ್ನು ಕಟ್ಟೆಯ ಬುಡದಲ್ಲೇ ಬಿಟ್ಟು ಹತ್ತಿದಳು. ಅದನ್ನು ಯಾರೂ ಗಮನಿಸಲಿಲ್ಲ. ಸೀಟಿನಲ್ಲಿ ಒರಗಿ ಕುಳಿತ ಮೇಲೆ, "ಅಳಿಯಾರ, ಮೆತ್ತಗ ಐತ್ರಿ" ಎಂದು ಮಗುವಿನಂತೆ ನಕ್ಕಳು. ಆ ನಗು ಕನ್ನಡಿಯಲ್ಲಿ ಕಂಡು ಗೌರೀಶನ ಮನಸ್ಸು ಕರಗಿತು. ಇಷ್ಟು ದಿನ ಯಾಕೆ ಕರೆದುಕೊಂಡು ಬರಲಿಲ್ಲವೋ ಎನ್ನಿಸಿತು.

ಊರು ದಾಟಿದ ಮೇಲೆ ಬಿಸಿಲು ಏರಿತು. ಮುದಕಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನೋಡಿ ಗೌರೀಶ ಉದಾರನಾದ. "ಅತ್ತಿ, ಈಗ ನೋಡ್ರಿ. ನಿಮ್ಮ ಸಲುವಾಗಿ ಎಸಿ ಹಾಕ್ತೀನಿ. ಕಾರಿನಾಗ ಕುಂತು ಊಟಿ ನೋಡ್ರಿ!"

"ರೀ, ಬ್ಯಾಡ!" ಎಂದು ಶರಣಬಸಮ್ಮ ಚೀರುವಷ್ಟರಲ್ಲಿ ಅವನು ಗುಂಡಿಯನ್ನು ತುದಿಮುಟ್ಟ ತಿರುಗಿಸಿಯಾಗಿತ್ತು.

ಭುಸ್ಸೆಂದು ಬಂದದ್ದು ಊಟಿಯಲ್ಲ! ಗಾಳಿಯ ಕಿಂಡಿಗಳಿಂದ ಮೆಣಸಿನಕಾಯಿಯ ಬೀಜ, ಸಿಪ್ಪೆ, ಕೆಂಪು ಧೂಳು ಒಟ್ಟಿಗೇ ಎದ್ದು ಮೂವರ ಮುಖಕ್ಕೂ ರಾಚಿದವು. ಮುಂದೆ ಸೀನು, ಹಿಂದೆ ಕೆಮ್ಮು, ನಡುವೆ ಕಣ್ಣೀರು! ಗೌರೀಶನಿಗೆ ರಸ್ತೆ ಮಸುಕಾಯಿತು. ಆ ಸ್ಥಿತಿಯಲ್ಲೂ ಅವನು ವೇಗ ಇಳಿಸಿ, ಇಂಡಿಕೇಟರ್ ಹಾಕಿ, ರಸ್ತೆ ಬಿಟ್ಟು ಬದಿಗೆ ನಿಲ್ಲಿಸಿದ. ಇಂಜಿನ್ ಬಂದ್ ಮಾಡಿ, ಕೆಳಗೆ ಹಾರಿ, ಹಿಂದಿನ ಬಾಗಿಲು ತೆಗೆದು ಅತ್ತೆಯನ್ನು ಕೈ ಹಿಡಿದು ಇಳಿಸಿದ.

ಮುದಕಮ್ಮ ಉಸಿರು ತಿರುಗಿದೊಡನೆ ಕೇಳಿದಳು: "ಅಳಿಯಾರ, ಕಾರಿನಾಗ ಒಗ್ಗರಣಿ ಹಾಕೂ ಮಷಿನ್ನೂ ಇರ್ತೈತೇನ್ರಿ?"

ಗೌರೀಶ ಹೆಂಡತಿಯ ಕಡೆ ತಿರುಗಿದ. ಅವಳು ಮೂಗು ಒರೆಸಿಕೊಳ್ಳುತ್ತ ಒಪ್ಪಿಕೊಂಡಳು. "ಮಾಳಿಗಿ ಮ್ಯಾಲ ಒಣಗಿಸಿದ್ರ ಮಸಿ ಬೀಳ್ತೈತ್ರಿ. ವರ್ಷಾ ಕರೇ ಖಾರ ತಿಂತೀವಿ. ಇಡೀ ಗಿಣಿಗೇರಾದಾಗ ಮಸಿ ಬೀಳದಂಥ ಬಿಸಲಿನ ಜಾಗಾ ಅಂದ್ರ ನಿಮ್ಮ ಕಾರೊಂದ. ನೀವು ಕೆಲಸಕ್ಕ ಹ್ವಾದ ಮ್ಯಾಲ ಕವರ್ ತಗದು, ಗಾಜು ಏರಿಸಿ, ಒಳಗ ಕಾಯಿ ಹರವತಿದ್ದೆ. ಸಂಜಿಕ ಒರಸಿ ಇಡತಿದ್ದೆ. ಆ ಕಿಂಡ್ಯಾಗ ಇಷ್ಟು ಹೋಗೇತಂತ ಗೊತ್ತಿರಲಿಲ್ಲ."

ಗೌರೀಶ ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆಯ ಕಾಲು ಕಂಡಿತು. ಕಾದ ನೆಲದ ಮೇಲೆ ಬರಿಗಾಲಲ್ಲಿ ಮುದುಕಿ ಒಮ್ಮೆ ಆ ಕಾಲು, ಒಮ್ಮೆ ಈ ಕಾಲು ಎತ್ತುತ್ತಿದ್ದಳು. ತನ್ನ ನಿಯಮದ ಫಲ! ಅವನು ಸೀಟಿನ ಕೆಳಗಿನ ಚೀಲದಿಂದ ತನ್ನ ಚಪ್ಪಲಿ ತೆಗೆದು, ಬಗ್ಗಿ, ಅತ್ತೆಯ ಕಾಲಿಗೆ ತೊಡಿಸಿದ. ಎದ್ದು ನಿಂತವನು ಹೆಂಡತಿಯ ಬಳಿ ಬಂದ.

"ಶರಣಿ, ನಿನಗೇನೂ ಆಗಿಲ್ಲ ಹೌದಿಲ್ಲೊ? ಕಣ್ಣು ಭಾಳ ಉರೀತಾವೇನು?"

ಶರಣಬಸಮ್ಮ ಕಣ್ಣರಳಿಸಿದಳು. "ಯಾರಿಗೆ ಕೇಳ್ತೀರಿ? ನನಗೋ, ಕಾರಿಗೋ?"

"ನಿನಗ" ಅಂದ ಗೌರೀಶ, ದನಿ ಗದ್ಗದವಾಗಿತ್ತು. ಅರ್ಧ ಪ್ರೀತಿ, ಅರ್ಧ ಖಾರ.

ಶರಣಬಸಮ್ಮನ ಕಣ್ಣು ಅವನ ಹೆಗಲಿನಾಚೆ ಹೋಯಿತು. "ರೀ, ಕಾರು..."

"ಈಗ ಕಾರಿನ ಮಾತು ತಗೀಬ್ಯಾಡ."

"ಅಲ್ರೀ, ಕಾರು ಹೊಂಟೈತಿ!"

"ಹೋಗಲಿ ಬಿಡು! ನನಗ ನಿನಕಿಂತ ಕಾರು ಹೆಚ್ಚಲ್ಲ!"

ಖರೇನ ಹೋಗುತ್ತಿತ್ತು! ಹ್ಯಾಂಡ್ ಬ್ರೇಕಿನ ಪ್ರವಚನಕಾರ ಹ್ಯಾಂಡ್ ಬ್ರೇಕ್ ಜಗ್ಗುವುದನ್ನೇ ಮರೆತಿದ್ದ. ಇಳಿಜಾರಿನಲ್ಲಿ ಬಿಳಿ ಕಾರು ಯಾರಿಗೂ ಹೇಳದೆ ಕೇಳದೆ ಮೆಲ್ಲಗೆ ಉರುಳಿ, 'ಕುಷ್ಟಗಿ' ಎಂದು ಬರೆದಿದ್ದ ರಸ್ತೆ ಬದಿಯ ಕಲ್ಲಿಗೆ ಟಣ್ಣೆಂದು ಬಡಿದು ನಿಂತಿತು. ಎಲ್ಲರಿಗಿಂತ ಮೊದಲು ಅದೇ ಕುಷ್ಟಗಿ ಮುಟ್ಟಿತ್ತು! ಓಡಲು ಅಡ್ಡಿಯಿರಲಿಲ್ಲ, ಆದರೆ ಒಂದು ಲೈಟು ಒಡೆದು, ಬಂಪರಿನ ಉದ್ದಕ್ಕೂ ಗೀರು ಎದ್ದಿತ್ತು.

ಆಗಲೇ ಶರಣಬಸಮ್ಮನ ಫೋನ್ ಬಡಿದುಕೊಂಡಿತು. ಕಣ್ಣುರಿಯಲ್ಲಿ ಅವಳು ಸ್ಪೀಕರ್ ಒತ್ತಿದಳು. ದುರುಗೇಶ.

"ಅಕ್ಕಾ, ಎಲ್ಲಿದ್ದೀರಿ? ಕೂಸಿನ್ನ ತೊಟ್ಟಿಲಿಗೆ ಹಾಕೂ ಹೊತ್ತಾತು!"

"ಬಂದ್ವಿ ತಮ್ಮಾ. ಹಾದ್ಯಾಗ ನಿಮ್ಮ ಮಾವ ಕಾರ ಕುಟ್ಟಿಸಿದ್ರು, ಅದಕ್ಕ ತಡಾ ಆತು."

"ಹೌದಾ? ಎದಕ್ಕ ಹಾಕಿ ಕುಟ್ಟಿಸಿದ್ರು?"

"ಕಲ್ಲಿಗೆ."

"ಕಲ್ಲಾಗ ಕುಟ್ಟಿದ್ದಂದ್ರ ಭಾಳ ರುಚಿ ಅಕ್ಕಾ! ನಮಗೂ ಒಂದರ್ಧ ಕಿಲೋ ತರಾಕ ಹೇಳು!"

ಮುದಕಮ್ಮ ಅಳಿಯನ ಚಪ್ಪಲಿಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಗೌರೀಶ ನಾಲ್ಕೂ ಕಿಟಕಿ ಇಳಿಸಿ, ಬರಿಗಾಲಲ್ಲಿ ಸ್ಟೇರಿಂಗ್ ಹಿಂದೆ ಕುಳಿತ. ಶರಣಬಸಮ್ಮ ಬಂಪರಿನ ಗೀರಿನ ಮೇಲೆ ಒಮ್ಮೆ ಬೆರಳಾಡಿಸಿ, ಬಂದು ಅವನ ಪಕ್ಕದಲ್ಲಿ ಕುಳಿತು, ಮೆತ್ತಗೆ ಅಂದಳು:

"ಚಿಂತಿ ಮಾಡಬ್ಯಾಡ್ರಿ. ಹೆಂಗೂ ಹೆಸರಿಡೂ ಕಾರ್ಯಕ್ಕ ಹೊಂಟೀವಿ. ಕೂಸಿನ ಜೋಡಿ ನಿಮಗೂ ಒಂದು ಹೊಸಾ ಹೆಸರು ಇಡಿಸಿಕೊಂಡ ಬರೂಣು."